ಗೌರಿ ಹೂವಿನ ಗಡ್ಡೆ ಸತ್ತಿದೆಯಾ, ಮಲಗಿದೆಯಾ?

ಪ್ರಶ್ನೆ: ತೋಟದ ಬೇಲಿಯಲ್ಲಿದ್ದ ಗೌರಿ ಹೂವಿನ ಗಡ್ಡೆಯನ್ನು ಕಳೆದ ಮಳೆಗಾಲದ ಶುರುವಿನಲ್ಲಿ ಕುಂಡಕ್ಕೆ ಹಾಕಿದ್ದೆ. ಗೌರಿ ಹಬ್ಬದ ಹೊತ್ತಿಗೆ ಏಳೆಂಟು ಹೂ ಬಿಟ್ಟಿತು. ದೀಪಾವಳಿ ಕಳೆದ ಮೇಲೆ ಬಳ್ಳಿ ಪೂರ್ತಿ ಒಣಗಿತು. ದಿನಾ ನೀರು ಹಾಕಿದರೂ ಚಿಗುರುತ್ತಿಲ್ಲ. ಸತ್ತೇಹೋಯಿತಾ?
— ಓದುಗರೊಬ್ಬರು, ಸಾಗರ

ಉತ್ತರ: ಮೊದಲು ಆ ನೀರು ನಿಲ್ಲಿಸಿ. ಬೇಲಿಯಲ್ಲಿದ್ದಾಗ ಚಳಿಗಾಲದಲ್ಲಿ ಇದಕ್ಕೆ ಯಾರು ನೀರು ಹಾಕುತ್ತಿದ್ದರು, ಹೇಳಿ? ಹೂ ಮುಗಿದು ಕಾಯಿ ಬಲಿತ ಮೇಲೆ ಬಳ್ಳಿ ಒಣಗಲೇಬೇಕು. ಗಡ್ಡೆ ಮಣ್ಣೊಳಗೆ ಮುಂದಿನ ಮಳೆವರೆಗೆ ಮಲಗಿರುತ್ತದೆ. ಆಗ ಒದ್ದೆಯಾದರೆ ಕೊಳೆಯುತ್ತದೆ.

ಕುಂಡದ ಮಣ್ಣನ್ನು ಕೈಯಿಂದಲೇ ಮೆಲ್ಲಗೆ ಬಿಡಿಸಿ ನೋಡಿ. ಕೈಗವಸು ಮರೆಯಬೇಡಿ. ಹಳೆಯ ಗಡ್ಡೆ ಸುಕ್ಕಾಗಿ ಟೊಳ್ಳಾಗಿರುತ್ತದೆ, ಅದು ಸಹಜ. ಪಕ್ಕದಲ್ಲಿ ನೇಗಿಲಿನ ಹಾಗೆ ಬಾಗಿದ ಹೊಸ ಗಡ್ಡೆ ಇರಬೇಕು. ಸಂಸ್ಕೃತದಲ್ಲಿ ಇದಕ್ಕೆ ಲಾಂಗಲಿ ಅಂತ ಹೆಸರು. ಲಾಂಗಲ ಅಂದರೆ ನೇಗಿಲು. ಒತ್ತಿದರೆ ಗಟ್ಟಿಯಾಗಿದ್ದರೆ ಜೀವ ಇದೆ, ಮೆತ್ತಗಾಗಿ ವಾಸನೆ ಬಂದರೆ ಹೋಯಿತು. ಮೊಳಕೆ ಬರುವುದು ಗಡ್ಡೆಯ ತುದಿಯಿಂದ ಮಾತ್ರ. ಅದು ಚಾಕ್‌ಪೀಸ್ ಹಾಗೆ ಪಟ್ ಅಂತ ಮುರಿಯುತ್ತದೆ, ಹುಷಾರು.

ಗಟ್ಟಿ ಗಡ್ಡೆಯನ್ನು ಒಣ ಮರಳಲ್ಲಿ ಹುಗಿದು ನೆರಳಲ್ಲಿಡಿ. ಮೇ ಕೊನೆಯಲ್ಲಿ, ಮಳೆ ಹತ್ತಿರವಾದಾಗ, ಮೂರು ನಾಲ್ಕು ಬೆರಳು ಆಳದಲ್ಲಿ ಅಡ್ಡ ಮಲಗಿಸಿ ನೆಡಿ. ಕೆಂಪು ಮಣ್ಣು, ಮರಳು, ಹಳೆ ಗೊಬ್ಬರ ಸಾಕು. ನೀರು ಮಾತ್ರ ನಿಲ್ಲಬಾರದು.

ಆಸರೆಗೆ ದಪ್ಪ ಕೋಲು ನೆಟ್ಟು ಬಳ್ಳಿ ಹತ್ತುತ್ತಿಲ್ಲ ಅನ್ನುವವರು ಜಾಸ್ತಿ. ಇದು ಎಲೆಯ ತುದಿಯನ್ನೇ ಸುರುಳಿ ಮಾಡಿಕೊಂಡು ಹಿಡಿಯುವ ಬಳ್ಳಿ, ದಪ್ಪ ಕೋಲನ್ನು ಹೇಗೆ ಸುತ್ತೀತು? ತೆಳ್ಳಗಿನ ಒಣ ಕಡ್ಡಿಗಳನ್ನು ಚುಚ್ಚಿ. ಕಪ್ಪು ಮೈಮೇಲೆ ಬಿಳಿ, ಕೆಂಪು ಚುಕ್ಕೆಯ ಹುಳು ಕಂಡರೆ ಆಗಲೇ ಆರಿಸಿ ತೆಗೆಯಿರಿ. ಬಿಟ್ಟರೆ ಎಲೆಗಳನ್ನು ಬೋಳು ಮಾಡಿಬಿಡುತ್ತದೆ.

ಒಂದು ಮಾತು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಇಡೀ ಗಿಡವೇ ವಿಷ. ಇದರಲ್ಲಿರುವ ಕಾಲ್ಚಿಸಿನ್ ಎಂಬ ವಿಷವನ್ನು ಗೌಟ್ ಎಂಬ ಕೀಲುನೋವಿನ ಕಾಯಿಲೆಗೆ ಔಷಧಿಯಾಗಿ ಬಳಸುತ್ತಾರೆ ನಿಜ, ಆದರೆ ಗಡ್ಡೆಯನ್ನು ಗೆಣಸು ಅಂದುಕೊಂಡು ತಿಂದು ಸತ್ತವರಿದ್ದಾರೆ. ಅಡುಗೆಮನೆಯ ಹತ್ತಿರ ಇಡಲೇಬೇಡಿ. ಮಕ್ಕಳಿಗೂ ದನಕ್ಕೂ ಸಿಗದ ಹಾಗಿರಲಿ.

ಕಾಯಿ ಒಡೆದಾಗ ಕೆಂಪು ಬೀಜ ಸಿಗುತ್ತವೆ. ಗಡ್ಡೆ ತೆಗೆದ ಬೇಲಿಗೇ ಅವನ್ನು ಹಾಕಿ. ಹೂ ನೋಡಲು ಮೂರ್ನಾಲ್ಕು ವರ್ಷ ಕಾಯಬೇಕು.