ಚಿಕ್ಕಮ್ಮನ ಚೀಟಿಗಳು

ಮಾನ್ಯರೇ,

‘ನಮ್ಮ ನಡುವಿನ ವಿಷಸರ್ಪಗಳು’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಕಾರಣ ಹೇಳದೆ ‘ವಿಷಾದಪೂರ್ವಕವಾಗಿ’ ಹಿಂದಿರುಗಿಸುವ ಅಭ್ಯಾಸ ನನಗಿಲ್ಲ, ಹಾಗಾಗಿ ಈ ಪತ್ರ.

ಮೊದಲ ಮೂರು ಪುಟಗಳಲ್ಲಿ ಬೈಗುಳ ಬಿಟ್ಟರೆ ಹೆಚ್ಚೇನಿಲ್ಲ. ‘ಸೈಕೋಪಾತ್’ (ಕನಿಕರ, ಪಶ್ಚಾತ್ತಾಪ ಇಲ್ಲದವರು) ಎಂಬ ಪದ ಹದಿನೇಳು ಸಲ ಬಂದಿದೆ, ಎಣಿಸಿದ್ದೇನೆ. ಆ ಲಕ್ಷಣಗಳನ್ನು ಅಳೆಯಲು ಮನಶ್ಶಾಸ್ತ್ರಜ್ಞ ರಾಬರ್ಟ್ ಹೇರ್ ಮಾಡಿದ 20 ಅಂಶಗಳ ಪಟ್ಟಿ ಹಿಡಿದು ನಿಮ್ಮ ಹಳೆಯ ಮೇಲಧಿಕಾರಿಗೆ 40ಕ್ಕೆ 34 ಅಂಕ ಕೊಟ್ಟಿದ್ದೀರಿ. ಹೇರ್ ಕೆನಡಾದ ಜೈಲುಗಳಲ್ಲಿ ಕೈದಿಗಳ ಜೊತೆ ಕೆಲಸ ಮಾಡಿ ರೂಪಿಸಿದ ಪಟ್ಟಿ ಅದು. ತರಬೇತಿ ಪಡೆದವರು ದೀರ್ಘವಾಗಿ ಮಾತನಾಡಿಸಿ, ಹಳೆಯ ದಾಖಲೆಗಳನ್ನೂ ತೆಗೆದು ನೋಡಿ ಅಂಕ ಹಾಕುತ್ತಾರೆ. ರಜೆ ಕೊಡದವರ ಮೇಲಿನ ಸಿಟ್ಟು ಅದಕ್ಕೆ ಸಾಲದು. (ನಾನೂ ಒಬ್ಬರಿಗೆ ಮನಸ್ಸಿನಲ್ಲೇ ಅಂಕ ಹಾಕಿ ನೋಡಿದೆ, ಆ ಮಾತು ಬೇರೆ.)

ಮದುವೆಯ ಆಸೆ ತೋರಿಸಿ ಹೆಣ್ಣುಮಕ್ಕಳನ್ನು ಕೊಂದ ಸಯನೈಡ್ ಮೋಹನನನ್ನು ‘ಕಣ್ಣಲ್ಲೇ ಕ್ರೌರ್ಯ ತುಂಬಿದ್ದ ರಾಕ್ಷಸ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಕಣ್ಣಲ್ಲಿ ಕ್ರೌರ್ಯ ಕಂಡಿದ್ದರೆ ಆ ಹೆಣ್ಣುಮಕ್ಕಳು ಅವನ ಜೊತೆ ಬಸ್ ಹತ್ತುತ್ತಿದ್ದರೇ? ಅವನು ಪ್ರಾಥಮಿಕ ಶಾಲೆಯಲ್ಲಿ ಮೇಷ್ಟರಾಗಿದ್ದವನು. 2003ರಿಂದ 2009ರವರೆಗೆ ಅವನು ಹುಡುಕಿಕೊಂಡು ಹೋದದ್ದು ಹೆಚ್ಚಾಗಿ ಬಡಮನೆಯ, ಮದುವೆ ಕೂಡಿಬರದ ಹೆಣ್ಣುಮಕ್ಕಳನ್ನು. ವರದಕ್ಷಿಣೆ ಬೇಡ ಎಂದ. ದೂರದೂರಿನ ಲಾಡ್ಜಿನಲ್ಲಿ ರಾತ್ರಿ ಕಳೆದು, ಬೆಳಿಗ್ಗೆ ಒಡವೆಗಳನ್ನು ಕೋಣೆಯಲ್ಲೇ ಬಿಡಿಸಿ, ಬಸ್ ನಿಲ್ದಾಣಕ್ಕೆ ಕರೆತಂದು, ಗರ್ಭ ನಿಲ್ಲದಿರುವ ಮಾತ್ರೆ ಎಂದು ಸಯನೈಡ್ ಕೈಗಿಟ್ಟು ಶೌಚಾಲಯಕ್ಕೆ ಕಳುಹಿಸುತ್ತಿದ್ದ. ಇಲ್ಲಿ ನೋಡಬೇಕಾದದ್ದು ಅವನ ಲೆಕ್ಕಾಚಾರ: ವರದಕ್ಷಿಣೆಗೆ ಹೆದರಿದ ಮನೆ ಯಾವುದು, ನಾಚಿಕೆಯಿಂದ ಯಾರಿಗೂ ಹೇಳದೆ ಮಾತ್ರೆ ನುಂಗುವವರು ಯಾರು ಎಂಬುದು ಅವನಿಗೆ ಗೊತ್ತಿತ್ತು. ‘ರಾಕ್ಷಸ’ ಎಂದ ಕೂಡಲೇ ಇದೆಲ್ಲ ಮರೆಯಾಗುತ್ತದೆ. 2013ರಿಂದ ಮಂಗಳೂರಿನ ನ್ಯಾಯಾಲಯ ಒಂದೊಂದಾಗಿ ಕೊಟ್ಟ ತೀರ್ಪುಗಳಿವೆ. ಬರೆಯುವುದಾದರೆ ಅವನ್ನು ಓದಿ ಬರೆಯಿರಿ, ಇಲ್ಲವೇ ಆ ಭಾಗ ಬಿಡಿ.

ಬಿಡುವುದೇ ಒಳ್ಳೆಯದೇನೋ. ಏಕೆಂದರೆ ನಾಲ್ಕನೇ ಪುಟದಲ್ಲಿ ನಿಮ್ಮ ಚಿಕ್ಕಮ್ಮ ಬರುತ್ತಾರೆ. ಸಂತೆಯಿಂದ ಬಂದೊಡನೆ ಚಿಕ್ಕಪ್ಪ ಚೀಲ ಸುರಿದು ಲೆಕ್ಕ ಕೇಳುತ್ತಾರೆ. ಹತ್ತು ರೂಪಾಯಿ ಹೊಂದದಿದ್ದರೆ ಬೈಯುವುದಿಲ್ಲ. ಮನೆಗೆ ಬಂದವರ ಮುಂದೆ ನಗುತ್ತಾ, ‘ಪಾಪ, ಇವಳಿಗೆ ಮರೆವು’ ಎನ್ನುತ್ತಾರೆ. ವರ್ಷ ಕಳೆಯುವಷ್ಟರಲ್ಲಿ ಒಲೆ ಆರಿಸಿದ್ದನ್ನೂ ಚಿಕ್ಕಮ್ಮ ಚೀಟಿಯಲ್ಲಿ ಬರೆದಿಟ್ಟುಕೊಳ್ಳತೊಡಗುತ್ತಾರೆ. ಆ ಸಾಲಿನಲ್ಲಿ ನಾನು ಓದುವುದನ್ನು ನಿಲ್ಲಿಸಿ ಎದ್ದು ನೀರು ಕುಡಿದೆ. ನೀವು ಮಾತ್ರ ಐದೇ ಸಾಲಿಗೆ ಅವರನ್ನು ಬಿಟ್ಟು ಫ್ರಾಯ್ಡ್ ಕಡೆಗೆ ಓಡಿದ್ದೀರಿ!

ಚಿಕ್ಕಮ್ಮನಿಂದಲೇ ಶುರು ಮಾಡಿ. ಅವರ ಒಪ್ಪಿಗೆ ಕೇಳಿ; ಹೆಸರು, ಊರು ಬದಲಿಸಿ. ಚಿಕ್ಕಪ್ಪ ಒಳ್ಳೆಯವರಾಗಿದ್ದ ದಿನಗಳನ್ನೂ ಬರೆಯಿರಿ, ಇಲ್ಲದಿದ್ದರೆ ಆಕೆ ಅಷ್ಟು ವರ್ಷ ಅವರ ಮಾತನ್ನು ನಂಬಿದ್ದು ಏಕೆ ಎಂಬುದು ಓದುಗರಿಗೆ ತಿಳಿಯುವುದಿಲ್ಲ. ಆ ಚೀಟಿಗಳನ್ನು ಆಕೆ ಎಲ್ಲಿ ಬಚ್ಚಿಡುತ್ತಿದ್ದರು? ಚಿಕ್ಕಪ್ಪನ ಕೈಗೆ ಒಂದಾದರೂ ಸಿಕ್ಕಿತ್ತೇ? ಅದು ಲೇಖನದಲ್ಲಿಲ್ಲ. ಕೇಳಿಕೊಂಡು ಬನ್ನಿ, ಮತ್ತೆ ಓದುತ್ತೇನೆ.

ಇಂತಿ,
ಸಂಪಾದಕ