ನನ್ನ ಜಾವಾ ಸೋಪ್ ಕ್ಲೈಂಟ್‌ಗೆ (ವೆಬ್ ಸರ್ವಿಸ್‌ಗೆ ಎಕ್ಸ್‌ಎಂಎಲ್ ಸಂದೇಶ ಕಳಿಸುವ ಪ್ರೋಗ್ರಾಂ) ಬೈಂಡಿಂಗ್‌ಪ್ರೊವೈಡರ್‌ನ ಎರಡು ಪ್ರಾಪರ್ಟಿಯಲ್ಲಿ ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟರೂ ಸರ್ವರ್ ಒಪ್ಪುತ್ತಿಲ್ಲ. ಪಾಸ್‌ವರ್ಡ್ ಬದಲು ಅದರಿಂದ ಲೆಕ್ಕ ಹಾಕಿದ ಗುರುತು ಕಳಿಸುವ ಡೈಜೆಸ್ಟ್‌ಗೆ ಬದಲಾಯಿಸಲೇ?

ಬೇಡ. ಡೈಜೆಸ್ಟ್ ಹೆಚ್ಚು ಭದ್ರ ಅಂತ ನಿಮಗೆ ಯಾರೋ ಹೇಳಿದ್ದಾರೆ. ನನಗೂ ಹೇಳಿದ್ದರು.

2023ರ ಜುಲೈ. ಕೋಲಾರ ಎಪಿಎಂಸಿಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸು 2,000 ರೂಪಾಯಿ ದಾಟಿ, ರೈತರು ರಾತ್ರಿಯೆಲ್ಲ ತೋಟ ಕಾಯುತ್ತಿದ್ದ ಕಾಲ. ಅಲ್ಲಿನ ಒಂದು ಮಂಡಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೆ. ಮಾಲು ಕೊಳ್ಳುವ ಕಂಪನಿಯ ವೆಬ್ ಸರ್ವಿಸ್‌ಗೆ ಲೋಡಿನ ವಿವರ ಕಳಿಸಿದರೆ ಒಂದು ನಂಬರ್ ಬರುತ್ತೆ. ಆ ನಂಬರ್ ಇಲ್ಲದೆ ಲಾರಿ ಹೊರಡಲ್ಲ.

ಕಂಪನಿಯವರು ಪಾಸ್‌ವರ್ಡ್ ಹೇಗೆ ಬೇಕಾದರೂ ಕಳಿಸಿ, ಟೆಕ್ಸ್ಟ್ (ಇದ್ದ ಹಾಗೇ) ಆದರೂ ಸರಿ ಡೈಜೆಸ್ಟ್ ಆದರೂ ಸರಿ ಅಂದಿದ್ದರು. ನಾನು ಜಾಣತನ ಮಾಡಿ ಡೈಜೆಸ್ಟ್ ಆರಿಸಿದೆ. ಅದೂ ಲೈಬ್ರರಿ ಯಾಕೆ, ನಾನೇ ಬರೀತೀನಿ ಅಂತ.

ಡೈಜೆಸ್ಟ್ ಅಂದ್ರೆ ಇಷ್ಟೇ: ನಾನ್ಸ್ (ಪ್ರತಿ ಸಲ ಹೊಸದಾಗಿ ಹುಟ್ಟಿಸುವ ಗೊತ್ತುಗುರಿಯಿಲ್ಲದ ಬೈಟ್‌ಗಳು), ಅದಾದ ಮೇಲೆ ಕ್ರಿಯೇಟೆಡ್ ಅನ್ನೋ ಸಮಯ, ಅದಾದ ಮೇಲೆ ಪಾಸ್‌ವರ್ಡ್. ಮೂರನ್ನೂ ಸೇರಿಸಿ ಎಸ್‌ಎಚ್‌ಎ-1 ಹ್ಯಾಶ್ (ಹಿಂದಕ್ಕೆ ತಿರುಗಿಸಲಾಗದ ಲೆಕ್ಕ) ಹಾಕಿ, ಬಂದದ್ದನ್ನು ಬೇಸ್64 ಮಾಡಬೇಕು, ಅಂದ್ರೆ ಬೈಟ್‌ಗಳನ್ನು ಅಕ್ಷರಗಳಾಗಿ ಬರೀಬೇಕು. (ನಾನ್ಸ್ ಸೇರಿಸುವಾಗ ಅದರ ಮೂಲ ಬೈಟ್‌ಗಳೇ ಬೇಕು, ಬೇಸ್64 ಮಾಡಿದ್ದಲ್ಲ. ಅಲ್ಲಿ ಅರ್ಧ ದಿನ ಹೋಯ್ತು, ಅದನ್ನು ಲೆಕ್ಕಕ್ಕೇ ಹಿಡಿದಿಲ್ಲ.) ಸಮಯ ಯುಟಿಸಿಯಲ್ಲಿರಬೇಕು (ಜಗತ್ತಿಗೆಲ್ಲ ಒಂದೇ ಸಮಯ, ನಮಗಿಂತ ಐದೂವರೆ ಗಂಟೆ ಹಿಂದೆ), ಅದರ ಗುರುತಾಗಿ ಕೊನೆಗೆ ಝಡ್ ಅಕ್ಷರ. ನಾನು ಸಮಯವನ್ನು ಅಕ್ಷರಕ್ಕಿಳಿಸುವ ಜಾವಾದ ಸಿಂಪಲ್‌ಡೇಟ್‌ಫಾರ್ಮ್ಯಾಟ್‌ನಲ್ಲಿ ಆ ಝಡ್ ಅನ್ನು ಕೋಟ್ಸ್ ಒಳಗೆ ಬರೆದೆ. ಕೋಟ್ಸ್ ಒಳಗಿನ ಝಡ್ ಬರೀ ಅಕ್ಷರ, ಸಮಯವನ್ನು ಯುಟಿಸಿಗೆ ತಿರುಗಿಸಲ್ಲ. ಮುಳಬಾಗಿಲು ಬಸ್ಸಿಗೆ ಬೆಂಗಳೂರು ಬೋರ್ಡ್ ಹಾಕಿದ ಹಾಗೆ.

ಆದರೂ ಟೆಸ್ಟ್ ಪಾಸಾಯ್ತು! ಯಾಕಂದ್ರೆ ಟೆಸ್ಟ್ ಮಾಡಿದ್ದು ಕ್ಲೌಡ್ ಯಂತ್ರದಲ್ಲಿ, ಅದರ ಗಡಿಯಾರವೇ ಯುಟಿಸಿ. ಮಂಡಿಯ ಕಂಪ್ಯೂಟರ್ ಭಾರತದ ಸಮಯದಲ್ಲಿತ್ತು. ಬೆಳಿಗ್ಗೆ 7:02ಕ್ಕೆ ಕಳಿಸಿದ ಸಂದೇಶದ ಮೇಲೆ 7:02 ಝಡ್ ಅಂತ ಬಿತ್ತು. ಸರ್ವರ್ ಕಣ್ಣಿಗೆ ಅದು ಐದೂವರೆ ಗಂಟೆ ಆಮೇಲೆ ಹುಟ್ಟಬೇಕಾದ ಸಂದೇಶ. ಸಾಮಾನ್ಯವಾಗಿ ಸರ್ವರ್‌ಗಳು 5 ನಿಮಿಷ ಹಳೆಯದಾದರೇ ತಳ್ಳಿಬಿಡುತ್ತವೆ, ಇನ್ನು ನಾಳೆಯಿಂದ ಬಂದಂಥದ್ದನ್ನು ಒಳಗೆ ಬಿಡುತ್ತವಾ?

ಕಾರಣ ಮಾತ್ರ ಹೇಳಲ್ಲ. ಕಳ್ಳನಿಗೆ ಸುಳಿವು ಸಿಗಬಾರದು ಅಂತ ಪಾಸ್‌ವರ್ಡ್ ತಪ್ಪಿದರೂ ಸಮಯ ತಪ್ಪಿದರೂ ಒಂದೇ ಎರರ್. ನಾನು ಪಾಸ್‌ವರ್ಡೇ ತಪ್ಪು ಅಂದುಕೊಂಡು ಎರಡು ಸಲ ರೀಸೆಟ್ ಮಾಡಿಸಿದೆ. ಅಷ್ಟರಲ್ಲಿ ನನ್ನ ಕ್ಲೈಂಟ್ ಅರ್ಧ ನಿಮಿಷಕ್ಕೊಮ್ಮೆ ತಾನೇ ಮತ್ತೆ ಮತ್ತೆ ಬಾಗಿಲು ಬಡಿದು ಅಕೌಂಟೇ ಲಾಕ್ ಆಯ್ತು. ಲೋಡಾದ ಮೂರು ಲಾರಿ ಹಾಗೇ ನಿಂತಿವೆ, ಬಿಸಿಲು ಏರ್ತಿದೆ. ಮಂಡಿ ಯಜಮಾನರು, "ಏನಪ್ಪಾ, ಹಣ್ಣು ನಿನ್ ಕಂಪ್ಯೂಟ್ರಿಗೆ ಕಾಯ್ತದಾ?" ಅಂದರು. ಆ ದಿನದ ನಷ್ಟದಲ್ಲಿ ಒಂದು ಪಾಲು ನನ್ನ ಬಿಲ್ಲಿನಿಂದ ಮುರಿದುಕೊಂಡರು. ಕೇಳೋ ಮುಖ ನನಗಿರಲಿಲ್ಲ.

ತಪ್ಪು ಸಿಕ್ಕಿಬಿದ್ದದ್ದು ಹೇಗೆ ಅಂದ್ರೆ, ಬೇಜಾರಿಗೆ ಲಾಗ್ ಮೇಲೆ ಕೆಳಗೆ ಎಳೆಯುತ್ತಾ ಕೂತಿದ್ದಾಗ ಸರ್ವರ್ ಉತ್ತರದ ಡೇಟ್ ಹೆಡರ್ ಕಣ್ಣಿಗೆ ಬಿತ್ತು: 01:32 ಜಿಎಂಟಿ, ಅಂದ್ರೆ ಯುಟಿಸಿಯೇ. ಪಕ್ಕದಲ್ಲೇ ನನ್ನದು 07:02.

ಈಗ ನಿಮ್ಮ ವಿಷಯ. ಬೈಂಡಿಂಗ್‌ಪ್ರೊವೈಡರ್‌ನ ಆ ಎರಡು ಪ್ರಾಪರ್ಟಿ ಹೋಗೋದು ಎಚ್‌ಟಿಟಿಪಿ ಹೆಡರ್‌ಗೆ, ಬೇಸಿಕ್ ಅಥೆಂಟಿಕೇಶನ್ ಆಗಿ. ನಿಮ್ಮ ಸರ್ವರ್ ಬಹುಶಃ ಸೋಪ್ ಲಕೋಟೆಯ ಒಳಗೆ, ಸೆಕ್ಯುರಿಟಿ ಹೆಡರ್‌ನ ಯೂಸರ್‌ನೇಮ್‌ಟೋಕನ್‌ನಲ್ಲಿ ಹುಡುಕುತ್ತಿದೆ. ಎರಡೂ ಬೇರೆ ಬೇರೆ ಜಾಗ. ಮೊದಲು ಅದನ್ನು ನೋಡಿ.

ಆಮೇಲೆ, ಎಚ್‌ಟಿಟಿಪಿಎಸ್ ಇದ್ದರೆ ಕಣ್ಣುಮುಚ್ಚಿಕೊಂಡು ಪಾಸ್‌ವರ್ಡ್‌ಟೆಕ್ಸ್ಟ್ ಹಾಕಿ. ದಾರಿಯಲ್ಲಿ ಯಾರೂ ಓದದ ಹಾಗೆ ಎಚ್‌ಟಿಟಿಪಿಎಸ್ಸೇ ನೋಡಿಕೊಳ್ಳುತ್ತೆ. ಡೈಜೆಸ್ಟ್ ಸರಿ ನೋಡಬೇಕಾದರೆ ಸರ್ವರ್ ತನ್ನ ಹತ್ತಿರ ಪಾಸ್‌ವರ್ಡ್ ಅನ್ನು ಇದ್ದ ಹಾಗೇ ಇಟ್ಟುಕೊಳ್ಳಬೇಕಾಗುತ್ತೆ, ಇದ್ಯಾವ ಭದ್ರತೆ? ಡಬ್ಲ್ಯುಎಸ್‌ಡಿಎಲ್ (ಸರ್ವಿಸ್‌ನ ವಿವರ ಇರುವ ಫೈಲ್) ಪಾಲಿಸಿಯಲ್ಲಿ ಹ್ಯಾಶ್‌ಪಾಸ್‌ವರ್ಡ್, ಅಂದ್ರೆ ಡೈಜೆಸ್ಟೇ ಬೇಕು ಅಂತ ಇದ್ದರೆ ವಿಧಿಯಿಲ್ಲ. ಆಗ ಡಬ್ಲ್ಯುಎಸ್‌ಎಸ್4ಜೆ ಲೈಬ್ರರಿ ಬಳಸಿ, ನನ್ನ ಹಾಗೆ ಕೈಯಾರೆ ಬರೆಯೋಕೆ ಹೋಗಬೇಡಿ. ಅಥೆಂಟಿಕೇಶನ್ ಎರರ್ ಬಂದರೆ ರೀಟ್ರೈ ನಿಲ್ಲಿಸಿ.

ಪಾಲಿಸಿ ಭಾಗ ಇಲ್ಲಿ ಹಾಕಿ, ನೋಡೋಣ. ಪಾಸ್‌ವರ್ಡ್ ಅಳಿಸಿ ಹಾಕಿ ಮಾರಾಯ್ರೇ.