ಕ್ಯಾಟ್‌ಫಿಶ್ ಗಾಯಕ್ಕೆ ಮೈಲುತುತ್ತ ಬೇಡ ಅಕ್ಕಾ

ಅಕ್ಕಾ, ಅಕ್ವೇರಿಯಂ ಮೀನಿನ ಗಾಯಕ್ಕೆ ಏನು ಮಾಡಲಿ ಅಂತ ಕೇಳಿ ನೀವು ಹಾಕಿದ ಫೋಟೋ ನೋಡಿದೆ. ಶಾರ್ಕ್ ಕ್ಯಾಟ್‌ಫಿಶ್‌ನ ಒಂದು ಪಕ್ಕ ಎಂಟಾಣೆ ಅಗಲ ಚರ್ಮ ಸುಲಿದು ಕೆಂಪಗಾಗಿದೆ, ಅಂಚು ಬೆಳ್ಳಗಿದೆ. ಇನ್ನೊಂದು ಪಕ್ಕ ಚೆನ್ನಾಗಿದೆ. ನನಗೆ ಇದು ರೋಗಕ್ಕಿಂತ ಟ್ಯಾಂಕ್ ನೀರು ಬಿಸಿ ಮಾಡುವ ಹೀಟರ್ ಸುಟ್ಟ ಗಾಯದ ಹಾಗೆ ಕಾಣುತ್ತದೆ. ಮಡಿಕೇರಿ ಮಳೆಗಾಲದಲ್ಲಿ ಹೀಟರ್ ಆರುವುದೇ ಕಡಿಮೆ ಅಲ್ವಾ? ಮೀನು ಹೋಗಿ ಅದಕ್ಕೇ ಒರಗುತ್ತದೆ. ನನ್ನ ಪಿಕ್ಟಸ್‌ಗೆ (ಅದೂ ಒಂದು ಕ್ಯಾಟ್‌ಫಿಶ್) ಹೀಗಾದಾಗ ಬೆಳಿಗ್ಗೆ ನೋಡಿದರೆ ಹೊಟ್ಟೆ ಪಕ್ಕ ಬರೆ ಎಳೆದ ಹಾಗೆ ಉದ್ದ ಗೆರೆ ಇತ್ತು.

ಮೇಲಿನ ಕಾಮೆಂಟಿನಲ್ಲಿ ಒಬ್ಬರು ನೀರಿಗೆ ಚಿಟಿಕೆ ಮೈಲುತುತ್ತ (ಕಾಪರ್ ಸಲ್ಫೇಟ್) ಹಾಕಿ ಅಂದಿದ್ದಾರೆ. ದಯವಿಟ್ಟು ಬೇಡ. ಬೋರ್ಡೋ (ಮೈಲುತುತ್ತ, ಸುಣ್ಣ ಕಲಸಿದ ಗಿಡದ ಮದ್ದು) ಹೊಡೆಯುವ ತೋಟದ ಮನೆಗಳಲ್ಲಿ ಅದು ಕೈಗೆ ಸಿಗುವ ವಸ್ತು, ಒಪ್ಪಿದೆ. ಆದರೆ ಅದರಲ್ಲಿರುವುದು ತಾಮ್ರ. ಈ ಮೀನಿಗೆ ಹುರುಪೆ ಇಲ್ಲ, ಬರೀ ಚರ್ಮ, ಮೇಲೆ ಲೋಳೆ, ಅದಕ್ಕೇ ತಾಮ್ರದ ಭಯ. ಗಡಸು ನೀರಿಗಿಂತ ಮೆದು ನೀರಿನಲ್ಲಿ ತಾಮ್ರದ ವಿಷ ಜಾಸ್ತಿ. ನಿಮ್ಮ ಬಾವಿ ನೀರಿಗೆ ಸೋಪು ಬೇಗ ನೊರೆ ಬರುತ್ತದೆ ಅಂದರೆ ಅದು ಮೆದು ನೀರೇ. ಬೋರ್ಡೋ ಕಲಸಿದ ಬಕೆಟ್ ಕೂಡ ಟ್ಯಾಂಕ್ ಹತ್ತಿರ ಬರಬಾರದು. ತಾಮ್ರದ ಹಂಡೆಯ ಬಿಸಿನೀರೂ ಬೇಡ, ಸ್ಟೀಲ್ ಪಾತ್ರೆಯಲ್ಲಿ ಕಾಯಿಸಿ ಬೆರೆಸಿ.

ಈಗ ಮಾಡಬೇಕಾದ್ದು. ಮೀನನ್ನು ಬೇರೆ ಟಬ್‌ಗೆ ಹಾಕಿ, ಸ್ಪಾಂಜ್ ಫಿಲ್ಟರ್ ಓಡಲಿ, ಅಡಗಲು ಪಿವಿಸಿ ಪೈಪ್ ತುಂಡು ಇಡಿ. ಹಿಡಿಯಲು ಬಲೆ ಬೇಡ. ಅದರ ರೆಕ್ಕೆಯ ಮುಳ್ಳು ಬಲೆಗೆ ಸಿಕ್ಕಿಕೊಂಡರೆ ಬಿಡಿಸುವಷ್ಟರಲ್ಲಿ ಇನ್ನೊಂದು ಗಾಯ. ಪ್ಲಾಸ್ಟಿಕ್ ಡಬ್ಬಿಯಲ್ಲಿ ನೀರಿನ ಸಮೇತ ಎತ್ತಿ. ನೀರು 25-26 ಡಿಗ್ರಿ ಇರಲಿ. ಬೇಗ ವಾಸಿಯಾಗಲಿ ಅಂತ 30ಕ್ಕೆ ಏರಿಸಬೇಡಿ, ಗಾಯಕ್ಕೆ ಕೂರುವ ಕೆಲವು ಬ್ಯಾಕ್ಟೀರಿಯಾಗಳಿಗೆ ಬಿಸಿ ಇನ್ನೂ ಅನುಕೂಲ.

ದಿನಾ ಕಾಲು ಭಾಗ ನೀರು ಬದಲಿಸಿ. ಅರ್ಧ ಮದ್ದು ಇದೇ. ಕಲ್ಲುಪ್ಪು ಲೀಟರಿಗೆ 1 ಗ್ರಾಂ ಸಾಕು. 40 ಲೀಟರ್ ಟಬ್‌ಗೆ 40 ಗ್ರಾಂ, ಕರಗಿಸಿ ಒಂದು ದಿನದಲ್ಲಿ ಮೂರು ಸಲ ಹಂಚಿ ಹಾಕಿ. ಮರುದಿನ 10 ಲೀಟರ್ ತೆಗೆದರೆ ಹೊಸ ನೀರಿಗೆ 10 ಗ್ರಾಂ ಮಾತ್ರ. ಇಲ್ಲೇ ಎಲ್ಲರೂ ಎಡವುತ್ತಾರೆ, ದಿನಾ 40 ಸುರಿಯುತ್ತಾರೆ. ಅರಿಶಿನ ಹಚ್ಚಲು ಹೋಗಬೇಡಿ, ಒರೆಸುವಾಗ ಇರುವ ಲೋಳೆಯೂ ಹೋಗುತ್ತದೆ.

ಹತ್ತಿಯಂಥ ಬಿಳಿ ಎಳೆ ಕಂಡರೆ ಬೂಸು ಹಿಡಿದಿದೆ ಅಂತ. ಆಗ ಮೆಥಿಲೀನ್ ಬ್ಲೂ (ಬೂಸಿಗೆ ಹಾಕುವ ನೀಲಿ ಮದ್ದು), ಬಾಟಲಿಯಲ್ಲಿ ಬರೆದದ್ದರ ಅರ್ಧ, ಟಬ್‌ನಲ್ಲಿ ಮಾತ್ರ. ದೊಡ್ಡ ಟ್ಯಾಂಕ್‌ಗೆ ಹಾಕಿದರೆ ಫಿಲ್ಟರ್‌ನಲ್ಲಿ ನೀರು ಶುದ್ಧ ಮಾಡುವ ಒಳ್ಳೆಯ ಬ್ಯಾಕ್ಟೀರಿಯಾ ಸಾಯಬಹುದು. ಫಿಲ್ಟರ್‌ನಲ್ಲಿ ಇದ್ದಿಲು ಇದ್ದರೆ ತೆಗೆಯಿರಿ, ಮದ್ದನ್ನೆಲ್ಲಾ ಅದೇ ಹೀರುತ್ತದೆ. ಕೆಂಪು ಹುಣ್ಣು ಆಳವಾಗುತ್ತಾ ಹೋದರೆ ಅಥವಾ ಮೀನು ಮೇವು ಬಿಟ್ಟರೆ ಪಶುವೈದ್ಯರಿಗೆ ತೋರಿಸಿ, ಆಂಟಿಬಯಾಟಿಕ್ ಸುಮ್ನೆ ಹಾಕಬೇಡಿ.

ವಾಪಸ್ ಬಿಡುವ ಮೊದಲು ಹೀಟರ್‌ಗೆ ಗಾರ್ಡ್ ಹಾಕಿ. ಅಂದ ಹಾಗೆ ನಿಮ್ಮ ಟ್ಯಾಂಕ್ ಎಷ್ಟು ಉದ್ದ? ಶಾರ್ಕ್ ಕ್ಯಾಟ್‌ಫಿಶ್ ಆಗ್ನೇಯ ಏಷ್ಯಾದ ಮೆಕಾಂಗ್ ನದಿಯ ಮೀನು, ಒಂದು ಮೀಟರ್ ದಾಟಿ ಬೆಳೆಯುತ್ತದೆ. ಅಂಗಡಿಯವರು ಅದನ್ನು ಹೇಳುವುದಿಲ್ಲ.